ನೀರಿನಲ್ಲಿ ಮುಳುಗಿದ ಮೊಸಳೆ

ಬಹುಮಾನ ಗಿಟ್ಟಿಸುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಗಿಟ್ಟಿಸಿದ ಬಹುಮಾನದ ಜತೆ ಒಂದೇ ಮನೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂದು ಯಾರೂ ಹೇಳುವುದಿಲ್ಲ. ನಮ್ಮ ಚಾವಡಿಯ ಷೋಕೇಸಿನಲ್ಲಿ ಮಗಳ ಗೊಂಬೆ, ಭಾವ ದುಬೈಯಿಂದ ತಂದ ಗಡಿಯಾರ, ಮದುವೆಗೆ ಬಂದ ಗಾಜಿನ ಲೋಟಗಳ ನಡುವೆ ಒಂದು ಶೀಲ್ಡ್ ಇದೆ. ಹೆಂಡತಿ ವಾರಕ್ಕೊಮ್ಮೆ ಎಲ್ಲವನ್ನೂ ಒರೆಸುತ್ತಾಳೆ, ಅದೊಂದನ್ನು ಬಿಟ್ಟು. "ಅದು ನಿಮ್ಮದು, ನೀವೇ ಒರೆಸಿ" ಎನ್ನುತ್ತಾಳೆ. ಜನ್ಮದಲ್ಲಿ ನನಗೆ ಸಿಕ್ಕಿದ ಬಹುಮಾನ ಅದೊಂದೇ ಆದ್ದರಿಂದ ಒರೆಸುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಡ್ರಾಯಿಂಗ್ ಮಾಷ್ಟ್ರು. ಊರಿನ ಯುವಕ ಮಂಡಲದವರಿಗೆ ಹಗ್ಗಜಗ್ಗಾಟ, ಮಡಕೆ ಒಡೆಯುವ ಆಟ ಸಾಕಾಗಿ ಹೊಸದೊಂದು ಪಂದ್ಯ ಹೊಳೆಯಿತು. ಸೈಕಲಿನ ಚಕ್ರಗಳ ಮೇಲೆ ಏನಾದರೊಂದು ಆಕೃತಿ ಕಟ್ಟಬೇಕು, ಪೆಡಲು ತುಳಿದೇ ಡಾಮರು ರಸ್ತೆ, ಕೆಸರುಗದ್ದೆ, ಕೊನೆಗೆ ಹೊಳೆ ದಾಟಬೇಕು. ಎಂಜಿನ್ ಕೂಡದು, ಕಾಲು ನೆಲಕ್ಕೆ ತಾಗಕೂಡದು. ವಿಟ್ಲದವರು ಹಲಸಿನ ಹಣ್ಣು ಮಾಡಿಕೊಂಡು ಬಂದರು, ಮೂಡುಬಿದಿರೆಯವರು ಚಹಾದ ಕೆಟ್ಲು. ನಾವು ಮಾಡಿದ್ದು ಮೊಸಳೆ.

ನಾವು ಎಂದರೆ ನಾನು ಮತ್ತು ಸೈಕಲ್ ಅಂಗಡಿಯ ಹಮೀದ್ ಬ್ಯಾರಿಯವರು. ಊರಲ್ಲಿ ಬೈಕುಗಳು ಹೆಚ್ಚಿ ಅವರಿಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವಾಗಿತ್ತು. "ಸೈಕಲಿನಲ್ಲಿ ಹೊಳೆ ದಾಟಿ ತೋರಿಸುವ, ಮಾಷ್ಟ್ರೆ. ನೋಡಿದ ಮೇಲಾದರೂ ಜನ ಬಂದಾರು" ಎಂದರು. ನಾಲ್ಕು ಚಕ್ರ, ಎರಡು ಸೀಟು, ತೇಲಲಿಕ್ಕೆ ಎಂಟು ಪ್ಲಾಸ್ಟಿಕ್ ಕ್ಯಾನು, ಮೇಲೆ ಬಿದಿರಿನ ಹಂದರ. ಹಿಂದಿನ ದಿನ ಇಬ್ಬರೂ ಕುಳಿತು ಹೊಳೆಯಲ್ಲಿ ಪರೀಕ್ಷೆ ಮಾಡಿದೆವು, ಚೆನ್ನಾಗಿ ತೇಲಿತು. "ಇನ್ನು ಕಾಗದ ಮಾತ್ರ ಅಂಟಿಸಿ. ಭಾರ ಹಾಕ್ಬೇಡಿ ಮಾಷ್ಟ್ರೆ, ನೀರು ಉಂಟು" ಎಂದು ಹೇಳಿ ಬ್ಯಾರಿಯವರು ಮನೆಗೆ ಹೋದರು.

ನಾನು ದಸರಾ ಮೆರವಣಿಗೆಗೆ ಟ್ಯಾಬ್ಲೋ ಕಟ್ಟಿ ಪಳಗಿದವನು. ಹಳೆಯ ಪೇಪರು, ಮೈದಾ ಅಂಟು, ಮೇಲೆ ಎಣ್ಣೆಬಣ್ಣ. ಟ್ಯಾಬ್ಲೋದ ಒಳಗನ್ನು ಯಾರೂ ನೋಡುವುದಿಲ್ಲ, ಹಾಗಾಗಿ ಬಣ್ಣ ಹೊರಗೆ ಮಾತ್ರ ಬಳಿದೆ. ದೂರ ನಿಂತು ನೋಡಿದರೆ ಮೊಸಳೆ ಯಾಕೋ ಓತಿಕ್ಯಾತದ ಹಾಗೆ ಕಂಡಿತು. ಬಾಯಿಯನ್ನು ಎರಡು ಮೊಳ ಉದ್ದ ಮಾಡಿದೆ. ಉದ್ದವಾದ ಬಾಯಿಗೆ ಹಲ್ಲು ಬೇಡವೇ? ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಮೂವತ್ತಾರು ಹಲ್ಲು ಕೂರಿಸಿದೆ.

ಬೆಳಿಗ್ಗೆ ಬ್ಯಾರಿಯವರು ಬಾಯಿಯನ್ನೇ ನೋಡಿದರು. "ಇಷ್ಟು ನಿನ್ನೆ ಇರಲಿಲ್ಲ ಅಲ್ವಾ? ಭಾರ ಉಂಟಾ?"

"ಬರೀ ಕಾಗದ" ಎಂದೆ.

ಅವರು ನಂಬಿದರು. ಕೆಸರಿನಲ್ಲಿ ಜಾರಬಾರದೆಂದು ತಮ್ಮ ಎರಡೂ ಪಾದಗಳನ್ನು ಟ್ಯೂಬಿನ ಪಟ್ಟಿಯಿಂದ ಪೆಡಲಿಗೆ ಬಿಗಿದುಕೊಂಡು ಹಿಂದೆ ಕುಳಿತರು. ನಾನು ಹ್ಯಾಂಡಲು ಹಿಡಿದು ಮೊಸಳೆಯ ಗಂಟಲಲ್ಲಿ ಕುಳಿತೆ. ರಸ್ತೆಯಲ್ಲಿ ನಾವೇ ಮುಂದು. ಗದ್ದೆಯಲ್ಲಿ ಹಲಸಿನ ಹಣ್ಣು ಹೂತುಹೋಯಿತು, ನಾವು ದಾಟಿದೆವು. ಹೊಳೆಯ ನಡುವೆ ಕಾಗದ ನೀರು ಕುಡಿಯಿತು, ಮೂತಿ ಕೆಳಗಾಯಿತು, ಹಿಂಭಾಗ ಮೇಲೆದ್ದು ಇಡೀ ಮೊಸಳೆ ಮಗುಚಿತು. ನೀರು ಎದೆಮಟ್ಟ ಮಾತ್ರ. ನಾನು ಮೊದಲೇ ಹಾರಿದ್ದೆ. ಬ್ಯಾರಿಯವರ ಕಾಲು ಪೆಡಲಿನಲ್ಲಿತ್ತು. ನಾಲ್ಕು ಜನ ಸೇರಿ ಅವರನ್ನು ಎಳೆದು ತೆಗೆಯುವಾಗ ಉಸಿರಿತ್ತು, ಬಲಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು.

ರಿಕ್ಷಾದಲ್ಲಿ ಅವರನ್ನು ಮಲಗಿಸಿದರು. ನಾನು ಹತ್ತಬೇಕು ಎನ್ನುವಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಅಂದದ ಅಂಕಗಳನ್ನು ತೀರ್ಪುಗಾರರು ಓಟಕ್ಕೆ ಮೊದಲೇ ಮೈದಾನದಲ್ಲಿ ಕೊಟ್ಟು ಮುಗಿಸಿದ್ದರಂತೆ. ಅತ್ಯುತ್ತಮ ಕಲಾಕೃತಿ, ಮೊಸಳೆ. ರಿಕ್ಷಾ ಹೋಯಿತು. ನಾನು ಒದ್ದೆ ಪ್ಯಾಂಟಿನಲ್ಲಿ ವೇದಿಕೆ ಹತ್ತಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಫೋಟೋದಲ್ಲಿ ಮಾತ್ರ ನಗುತ್ತಿದ್ದೇನೆ.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡದ್ದು ಬ್ಯಾರಿಯವರು. ಸೈಕಲ್ ರಿಪೇರಿಗೆ ಕುಕ್ಕರಗಾಲಲ್ಲಿ ಕೂರಬೇಕು. ಅವರ ಕಾಲು ಮತ್ತೆ ಮಡಚಲಿಲ್ಲ. ಆರು ತಿಂಗಳಲ್ಲಿ ಅಂಗಡಿ ಮುಚ್ಚಿ, ಅಳಿಯನ ಫ್ಯಾನ್ಸಿ ಸ್ಟೋರಿನಲ್ಲಿ ಸ್ಟೂಲಿನ ಮೇಲೆ ಕುಳಿತು ಬಳೆ, ರಿಬ್ಬನ್ನು ಮಾರತೊಡಗಿದರು. ನಮ್ಮಲ್ಲಿಗೆ ಬರುವುದನ್ನೇನೂ ಬಿಡಲಿಲ್ಲ. ಬಂದಾಗಲೆಲ್ಲ ಷೋಕೇಸಿಗೆ ಎದುರಾಗಿ ಕೂರುವರು.

ಏಳೆಂಟು ವರ್ಷ ಹಾಗೇ ದೂಡಿದೆ. ಒಂದು ಪೆರ್ನಾಲ್ ಹಬ್ಬದ ಮರುದಿನ ಅವರು ತಿಂಡಿ ತಂದಾಗ ನನಗೆ ತಡೆಯಲಾಗಲಿಲ್ಲ. "ಆ ಹಲ್ಲುಗಳು ಕಾಗದದ್ದಲ್ಲ, ಪ್ಲಾಸ್ಟರಿನದ್ದು. ನಾನು ಸುಳ್ಳು ಹೇಳಿದ್ದು" ಎಂದುಬಿಟ್ಟೆ.

ಅವರು ಚಹಾ ಕುಡಿದು ಮುಗಿಸಿದರು. "ಗೊತ್ತುಂಟು ಮಾಷ್ಟ್ರೆ. ಆಸ್ಪತ್ರೆಯಲ್ಲಿ ಲುಂಗಿ ಬಿಚ್ಚುವಾಗ ಮಡಿಕೆಯಿಂದ ಒಂದು ಬಿತ್ತು. ಈಗ ಅಂಗಡಿಯಲ್ಲಿ ಬಿಲ್ಲಿನ ಚೀಟಿ ಹಾರದ ಹಾಗೆ ಮೇಲೆ ಅದನ್ನೇ ಇಡ್ತೇನೆ. ಒಳ್ಳೆ ಭಾರ ಉಂಟು."

ಅವರು ಕುಂಟುತ್ತ ಗೇಟು ದಾಟಿದ ಮೇಲೆ ಶೀಲ್ಡನ್ನು ಅಟ್ಟಕ್ಕೆ ಹಾಕುವುದೆಂದು ಷೋಕೇಸಿನಿಂದ ತೆಗೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಧೂಳು ಕುಳಿತಿತ್ತು. ಪಂಚೆಯ ಅಂಚಿನಿಂದ ಚೆನ್ನಾಗಿ ಒರೆಸಿ, ಇದ್ದಲ್ಲೇ ಇಟ್ಟೆ.