ಎಲ್ಲರೂ ಒತ್ತಿದ ಹಸು

ಮಾತಾಡಲು ನಾಚಿಕೆ ಅಂತಲೇ ನಾನು ವರದಿ ಬರೆಯೋ ಕೆಲಸಕ್ಕೆ ಸೇರಿದ್ದು. ನನ್ನ ಪರವಾಗಿ ವರದಿಯಾದರೂ ಮಾತಾಡುತ್ತೆ ಅಂದುಕೊಂಡಿದ್ದೆ. ಅದು ನನಗಿಂತ ಮೂಗಿ ಅಂತ ಮತ್ತೆ ಮತ್ತೆ ಗೊತ್ತಾಗುತ್ತಲೇ ಇರುತ್ತೆ.

ರಾಮನಗರದ ನಮ್ಮ ಆಫೀಸು ದನದ ಡಾಕ್ಟರನ್ನು ಮನೆಗೆ ಕರೆಸೋ ಆ್ಯಪ್ ಮಾಡಿದೆ. ಜನ ಅದನ್ನು ಬಳಸುವಾಗ ಪಕ್ಕದಲ್ಲಿ ಕೂತು, ಎಲ್ಲಿ ತಡವರಿಸಿದರು ಅಂತ ನೋಡಿ, ಚಿತ್ರ ಬಿಡಿಸಿ ಮ್ಯಾನೇಜರಿಗೆ ಒಪ್ಪಿಸುವುದು ನನ್ನ ಪಾಡು.

ಚೆನ್ನಾಗೈತೆ

ಕೂಟಗಲ್‌ನ ಒಬ್ಬ ಅಜ್ಜಿಗೆ ಫೋನ್ ಕೊಟ್ಟು, "ಡಾಕ್ಟರನ್ನ ಕರೀರಿ ಅಜ್ಜಿ" ಅಂದೆ. ಪರದೆಯ ಮೇಲ್ಗಡೆ ಅಂದಕ್ಕೆ ಹಾಕಿದ್ದ ಹಸುವಿನ ಚಿತ್ರ. ಕರೆಯೋ ಬಟನ್ ಕೆಳಗೆಲ್ಲೋ, ಬೂದು ಬಣ್ಣದಲ್ಲಿ. ಅಜ್ಜಿ ಹಸುವನ್ನೇ ಹನ್ನೊಂದು ಸಲ ಒತ್ತಿದರು.

"ಕಷ್ಟ ಆಯ್ತಾ ಅಜ್ಜಿ?"

"ಇಲ್ಲ ಕಣವ್ವ, ಚೆನ್ನಾಗೈತೆ."

"ಕಾಲ್ ಹೋಗಲೇ ಇಲ್ಲವಲ್ಲ?"

"ಪಾಪ, ಡಾಕ್ಟ್ರಿಗೂ ಕೆಲ್ಸ ಇರ್ತದೆ."

ಹೊರಡುವಾಗ ಕೊಟ್ಟಿಗೆ ಕಡೆ ಕೈ ತೋರಿಸಿದರು. "ನಮ್ ಗೌರಿ ಇನ್ನೆರಡು ತಿಂಗ್ಳಿಗೆ ಕರ ಹಾಕ್ತದೆ. ಹೋದ್ಸಲ ಬಲು ಒದ್ದಾಡ್ಬುಡ್ತು. ಅಷ್ಟೊತ್ಗೆ ಇದ್ರಾಗೆ ಡಾಕ್ಟ್ರು ಬರಂಗೆ ಮಾಡ್ಕೊಡವ್ವ."

ಆಯ್ತು ಅಂದೆ. ಆಗಲ್ಲ ಅನ್ನಕ್ಕೂ ನನಗೆ ನಾಚಿಕೆ.

ಕೆಂಪು

ಚನ್ನಪಟ್ಟಣ, ಮಾಗಡಿ ಸುತ್ತಿ ಬಂದು ವರದಿ ಮಾಡಿದೆ. ಬೆರಳು ಹೆಚ್ಚು ಬಿದ್ದ ಕಡೆ ಕೆಂಪು. ಹಸು ಪೂರ್ತಿ ಕೆಂಪು, ಬಟನ್ ಬೆಳ್ಳಗೆ.

ಮ್ಯಾನೇಜರ್ ಕುರ್ಚಿಯಿಂದ ಎದ್ದೇಬಿಟ್ಟರು. "ಹಸು ಸೂಪರ್ ಹಿಟ್ ಅಲ್ಲವೇನಮ್ಮ!"

ನಾನು ಬಾಯಿ ತೆರೆಯೋದರೊಳಗೆ ಆ್ಯಪ್‌ನಲ್ಲಿ ಹಸು ಎರಡರಷ್ಟು ದೊಡ್ಡದಾಗಿತ್ತು. ಬಟನ್ ಇನ್ನೂ ಕೆಳಕ್ಕೆ ಹೋಯ್ತು.

ಹಸಿರು

ಮತ್ತೆ ಹೋದೆ. "ಹಸ ಮೈ ತುಂಬ್ಕೊಂಡೈತೆ" ಅಂತ ಅಜ್ಜಿ ಸಂತೋಷಪಟ್ಟರು. ಕಾಲ್ ಮಾತ್ರ ಹೋಗಲಿಲ್ಲ.

ಈ ಸಲ ಸೋತವರಿಗೆ ಒಂದೊಂದು ಕೆಂಪು ಕಂಬ ಬಿಡಿಸಿದೆ: ಹತ್ತು ಜನರಲ್ಲಿ ಸೋತವರು ಒಂಬತ್ತು. "ದೊಡ್ಡೋರು ಬರೋ ಮೀಟಿಂಗು, ಕೆಂಪು ಬೇಡ, ಹಸಿರು ಹಾಕಮ್ಮ" ಅಂದರು ಮ್ಯಾನೇಜರ್. ಹಾಕಿದೆ. ಒಂಬತ್ತು ಸೋಲು ರಾಗಿ ಪೈರಿನ ಹಾಗೆ ಹಚ್ಚಗೆ ಎದ್ದು ನಿಂತಿತು. ದೊಡ್ಡವರು ಚಪ್ಪಾಳೆ ತಟ್ಟಿದರು.

ಗಿಣ್ಣು

ಗೌರಿಗೆ ದಿನ ಹತ್ತಿರವಾಗಿತ್ತು. ಸಾಕಾಗಿ, ಕೊನೆಯ ವರದಿ ಒಂದೇ ಹಾಳೆ ಮಾಡಿದೆ. ಹಸುವಿನ ಚಿತ್ರ, ಒಂದು ಬಾಣ, ಒಂದು ಸಾಲು: "ಹಸುವನ್ನು ಒತ್ತಿದರೇ ಡಾಕ್ಟರಿಗೆ ಕಾಲ್ ಹೋಗಲಿ."

ಮ್ಯಾನೇಜರ್ ಗಲ್ಲ ಕೆರೆದುಕೊಂಡರು. "ಇದು ನಾನೇ ಹೇಳಿದ್ದಲ್ಲವೇನಮ್ಮ?"

"ಹೌದು ಸಾರ್."

ವಾರದಲ್ಲೇ ಆ್ಯಪ್ ಬದಲಾಯಿತು. ಗೌರಿ ಕರು ಹಾಕಿದ ದಿನ ಡಾಕ್ಟರು ಬಂದರು. ತಾಯಿ ಮಗು ಎರಡೂ ಕ್ಷೇಮ. ಮಾರನೇ ದಿನವೂ ಬಂದರು. ಅದರ ಮಾರನೇ ದಿನ ನಾನು ಅಲ್ಲೇ ಇದ್ದೆ. ಡಾಕ್ಟರು ಏದುಸಿರು ಬಿಡುತ್ತಾ ಬೈಕಿನಿಂದ ಇಳಿದರು.

"ಇವತ್ತೇನಾಯ್ತಜ್ಜಿ?"

"ಏನಿಲ್ಲ ಕಣಪ್ಪ. ಫೋನ್‌ನಾಗೆ ಹಸ ಮುದ್ದಾಗಿ ಕಾಣ್ತು, ಒಸಿ ಸವರ್ದೆ. ಬಂದಿದ್ದೀಯಲ್ಲ, ಗಿಣ್ಣು ತಿನ್ಕೊಂಡು ಹೋಗು."

ಡಾಕ್ಟರು ಗಿಣ್ಣಿನ ತಟ್ಟೆ ಹಿಡಿದು ನನ್ನ ಕಡೆ ತಿರುಗಿದರು. "ಹಸು ಮುಟ್ಟಿದ್ರೆ ನಂಗೆ ಕಾಲ್ ಬರೋ ಹಾಗೆ ಮಾಡಿದ ಪುಣ್ಯಾತ್ಮ ಯಾರಮ್ಮ?"

ಜೀವನದಲ್ಲಿ ಮೊದಲ ಸಲ ನನಗೆ ಮಾತಾಡಲು ನಾಚಿಕೆ ಆಗಲಿಲ್ಲ.

"ನಮ್ಮ ಮ್ಯಾನೇಜರ್ ಸಾರ್. ನಂಬರ್ ಕೊಡ್ಲಾ?"