ಬೀಗರಿಗೆ ಹೆಸರು ಕೇಳಿದ ಬೀಟಾ ಫೋನು

ಕೈ ಸುಮ್ನಿರಲಾರದವ್ರ ಮನ್ಯಾಗ ಇಂಥಾವು ಆಗ್ತಾನೇ ಇರ್ತಾವ್ರೀ. ನಾ ರಾಯಚೂರಿನ್ಯಾಗ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟೀನಿ. ಸುಟ್ಟ ಮೋಟರ್ ಬಿಚ್ಚಿ, ಹೊಸ ತಂತಿ ಸುತ್ತಿ, ಮತ್ತ ತಿರಗೂಹಂಗ ಮಾಡೋದು ನನ್ನ ದಂಧಾ. ಬಿಚ್ಚೋದು ಅಂದ್ರ ನನಗ ಹಬ್ಬ. ಮನ್ಯಾಗಿನ ಮಿಕ್ಸರ್, ಗೋಡಿ ಗಡಿಯಾರ, ಹೆಂಡ್ತಿ ತವರುಮನಿಯಿಂದ ತಂದ ಇಸ್ತ್ರಿ ಪೆಟಗಿ, ಎಲ್ಲಾದರ ಒಳಗ ಏನದ ಅಂತ ಒಮ್ಮೆ ನೋಡಿದ ಮ್ಯಾಲೇ ನನಗ ಸಮಾಧಾನ. ಇಸ್ತ್ರಿ ಪೆಟಗಿದು ಮಾತ್ರ ಒಳಗಿಂದು ಇನ್ನಾ ಹೊರಗೇ ಅದ.

ಹಿಂಗಾಗಿ ಅಂಗಡಿಗೆ ಬಂದವ್ರು ಈಗ ಮೋಟರ್ ಇಳಿಸಿ ಮೊದಲು ಕೇಳೋದು ಒಂದೇ ಮಾತು: "ಅಣ್ಣಾ, ನಮ್ಮಂಥ ಸಾದಾ ಮಂದಿ ಫೋನಿಗೆ ಬೀಟಾ ಹಾಕ್ಕೋಬಹುದೇನು?" ನಾ ಹೌದೂ ಅನ್ನಂಗಿಲ್ಲ, ಇಲ್ಲಾನೂ ಅನ್ನಂಗಿಲ್ಲ. ಸ್ಟೂಲ್ ಎಳದು ಕೂಡಿಸಿ ಆಗಿದ್ದು ಹೇಳ್ತೀನಿ.

೧. ಒಪ್ಪಿಗಿ ಒತ್ತಿದ್ದು

ಒಂದಿನ ಫೋನಿನ ಮ್ಯಾಲ "ಹೊಸ ಸಾಫ್ಟ್‌ವೇರಿನ ಬೀಟಾ ಆವೃತ್ತಿ ಸಿದ್ಧವಿದೆ" ಅಂತ ಬಂತು. ಬೀಟಾ ಅಂದ್ರೇನು ಅಂತ ಬಾಜು ಅಂಗಡಿ ಅತ್ತರ್ ಭಾಯಿನ್ನ ಕೇಳಿದೆ. ಅತ್ತರ್, ಸುರ್ಮಾ, ಊದಿನಕಡ್ಡಿ ಮಾರೋ ಮನುಷ್ಯಾ. ಏನ್ ಕೇಳಿದ್ರೂ ಮೊದಲು ಬ್ಯಾಡ ಅಂತಾನ, ಆಮ್ಯಾಲ ಪ್ರಶ್ನಿ ಏನು ಅಂತ ವಿಚಾರಸ್ತಾನ.

"ನಕ್ಕೋ ರೇ ಬಾಬಾ, ಬ್ಯಾಡ," ಅಂದ. "ಕಂಪನಿಯವ್ರದು ಇನ್ನಾ ಅಡಗಿ ಆಗಿಲ್ಲ. ಅರ್ಧ ಬೆಂದಿದ್ದು ನಿನ್ನ ತಾಟಿಗೆ ಹಾಕಿ, ಹೊಟ್ಟಿ ನೋಯ್ತದೇನು ನೋಡಿ ಹೇಳು ಅಂತಾರ. ಅದಕ್ಕ ಬೀಟಾ ಅನ್ನೋದು. ಕಾಯ್ಕು ಬೇಕು ನಿನಗ?"

ಯಾಕ ಬೇಕು ಅಂತ ಯಾರರ ಕೇಳಿದ್ರ ನನಗ ಅದು ಇನ್ನಾ ಜಾಸ್ತಿ ಬೇಕನಸ್ತದ. ಸಂಜಿಗೆ ಮನ್ಯಾಗ ಕುಂತು ಬಟನ್ ಒತ್ತಿದೆ. ಫೋನು ಕೇಳ್ತು: "ಈ ಆವೃತ್ತಿಯಲ್ಲಿ ದೋಷಗಳಿರಬಹುದು. ಕೆಲವು ಕೆಲಸಗಳು ನಿರೀಕ್ಷಿಸಿದಂತೆ ನಡೆಯದಿರಬಹುದು. ಒಪ್ಪುವಿರಾ?"

ನನಗ ಬಾಳ ಖುಷಿ ಆತು. ಹೆಂಡ್ತಿನ್ನ ಕರದು ಹೇಳಿದೆ, "ನೋಡಿಲ್ಲಿ, ಎಂಥಾ ಪ್ರಾಮಾಣಿಕ ಕಂಪನಿ! ದೋಷ ಅವ, ಹೇಳಿದ ಕೆಲಸ ಮಾಡಂಗಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಾಕತ್ತದ."

ನನ್ನ ಹೆಂಡ್ತಿ ದನಿ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ. ಆಕಿ ಅಡಗಿ ಮನ್ಯಾಗ ಮಾತಾಡಿದ್ರ ಓಣಿ ಕೊನಿ ಮನಿಯವ್ರು "ನಮಗೇನರ ಅಂದೇನವ್ವಾ?" ಅಂತ ಬಾಗಲಿಗೆ ಬರ್ತಾರ. ಮನಸು ಬೆಣ್ಣಿ, ದನಿ ಮಾತ್ರ ಅಕ್ಕಿ ಮಿಲ್ಲು. ಆ ದನಿಯಾಗ ಅಂದ್ಳು:

"ಲಗ್ನದ ಮುಂಚೆ ನಿಮ್ಮಪ್ಪ ನಿಮ್ಮ ಬಗ್ಗೆ ಇಷ್ಟು ಹೇಳಿದ್ರ, ನಾ ಒಪ್ಪಿಗಿ ಒತ್ತತಿದ್ದಿಲ್ಲ."

೨. ತಂಪಾದ ಜಾಗ

ಅದೇ ಹೊತ್ತಿನ್ಯಾಗ ನಮ್ಮ ಮಗಳ್ನ ನೋಡಾಕ ದೇವದುರ್ಗ ತಾಲೂಕಿನ ಮಸರಕಲ್ಲಿನಿಂದ ಗಂಡಿನವ್ರು ಬಂದು ಹೋಗಿದ್ರು. ಹುಡುಗ ದೇವದುರ್ಗದಾಗ ಸಾಲಿ ಮಾಸ್ತರ. ಮಗಳು ಇಲ್ಲೇ ಔಷಧ ಅಂಗಡ್ಯಾಗ ಕೆಲಸ ಮಾಡ್ತಾಳ. ಹಿಂದ ಬಂದವ್ರಿಗೆಲ್ಲಾ ಒಲ್ಲೆ ಅಂದಾಕಿ, ಈ ಸಲ "ಹ್ಯಾಂಗನಸ್ತವ್ವಾ?" ಅಂತ ಕೇಳಿದ್ರ, "ಮಂಡಾಳ ಒಗ್ಗರಣಿ ಛಂದ ತಿಂದ. ಮಿರ್ಚಿನೂ ಬಿಡಲಿಲ್ಲ," ಅಂದು ಒಳಗ ಹೋಗಿಬಿಟ್ಳು. ಅಂದ್ರ ಹುಡುಗ ಮನಸಿಗೆ ಬಂದಾನ ಅಂತ ಅರ್ಥ. ನನಗೂ ಆಕಿಗಿಂತ ಜಾಸ್ತಿ ಮನಸಿಗೆ ಬಂದಿದ್ದ.

ಹುಡುಗನ ಅಪ್ಪ ಹೋಗೂಮುಂದ ನನ್ನ ನಂಬರ್ ತಗೊಂಡು, "ಮನ್ಯಾಗ ಮಾತಾಡಿ ನಾವೇ ಫೋನ್ ಮಾಡ್ತೀವ್ರಿ," ಅಂದ್ರು. ಅವರ ನಂಬರ್ ನಾ ಕೇಳಲಿಲ್ಲ. ಹೆಣ್ಣಿನವ್ರು ಹಂಗ ಕೇಳಂಗಿಲ್ಲ, ಮೊದಲು ಫೋನೂ ಮಾಡಂಗಿಲ್ಲ. ಅವರ ಫೋನ್ ಬಂದಾಗ ಕುಂತವ ಎದ್ದು ನಿಂತು, ಹೆಗಲ ಮ್ಯಾಲಿನ ಟವೆಲ್ ಸರಿ ಮಾಡ್ಕೊಂಡು, "ಶರಣ್ರೀ" ಅನಬೇಕು. ಕಾಣಂಗಿಲ್ಲ ಖರೆ, ಆದರ ನಿಂತು ಮಾತಾಡಿದ್ದು ದನಿಯಾಗ ಗೊತ್ತಾಗ್ತದ ಅಂತ ನಮ್ಮ ಹಿರಿಯರು ಹೇಳಿಕೊಟ್ಟಾರ. ನಾ ಎಲ್ಲೇ ಹೋದ್ರೂ ಟವೆಲ್ ಹೆಗಲ ಮ್ಯಾಲ ಹಾಕ್ಕೊಂಡೇ ತಿರಗಾಕತ್ತಿದೆ.

ಒಂದಿನ ಮಧ್ಯಾಹ್ನ ಅಂಗಡ್ಯಾಗ ಗಿಲ್ಲೆಸುಗೂರಿನ ರೈತ ಒಬ್ಬ ಸುಟ್ಟ ಮೋಟರ್ ತಂದು ಕುಂತಿದ್ದ. ಟೇಬಲ್ ಮ್ಯಾಲ ಇಟ್ಟಿದ್ದ ನನ್ನ ಫೋನು ತಂತಾನೇ ಕಾದು ಹಂಚಿನಂಗ ಆತು. ಮ್ಯಾಲ ಒಂದು ಮಾತು: "ಸಾಧನ ಬಿಸಿಯಾಗಿದೆ. ದಯವಿಟ್ಟು ತಂಪಾದ ಜಾಗಕ್ಕೆ ಒಯ್ಯಿರಿ."

ಅತ್ತರ್ ಭಾಯಿ ಬಗ್ಗಿ ನೋಡಿ, "ರಾಯಚೂರಾಗ ತಂಪಾದ ಜಾಗಾನಾ? ಟಿಕೀಟು ಅದಾ ತಗಸ್ತದಂತೇನು ಕೇಳು," ಅಂದ.

ನೀರಿನ ಮಡಕಿಗೆ ಸುತ್ತಿದ ಹಸಿ ಬಟ್ಟಿ ಬಿಚ್ಚಿ ಫೋನಿಗೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಅದು ಕಣ್ಣು ಮುಚ್ಚಿಬಿಡ್ತು. ಯಾಕ ಕಾಯ್ತು, ಯಾರೂ ಮುಟ್ಟಿದ್ದಿಲ್ಲಲ್ಲಾ, ಅಂತ ನನಗ ಒಂದೇ ಸಮ ಕುತೂಹಲ. ರೈತನಿಗೆ ಬೀಟಾದ ಕಥಿ ಹೇಳಿದೆ. ಅಂವ ಪೂರಾ ಕೇಳಿ ಅಂದ:

"ಹೊಸಾ ಬೀಜ ಬಂದ್ರ ನಾವು ಒಂದು ಸಾಲಿಗೆ ಹಾಕಿ ನೋಡ್ತೀವಿ. ನೀ ಪೂರಾ ಹೊಲಕ್ಕ ಹಾಕಿದೇನು?"

"ನನ್ನ ಹತ್ರ ಇರೋದು ಒಂದೇ ಫೋನು. ಅದರಾಗ ಸಾಲು ಹ್ಯಾಂಗ ತಗೀಲಿ?"

"ಹಂಗಾರ ನಮ್ಮ ಮೋಟರ್‌ನ್ನ ನಿನಗ ಕೊಡೋದು ಬ್ಯಾಡ ಬಿಡು," ಅಂತ ಅಂವ ಮೋಟರ್ ತನ್ನ ಕಡಿಗೆ ಎಳಕೊಂಡ. ಬೀಟಾ ಬರೇ ಫೋನಿಗೆ ಇರ್ತದ, ಮೋಟರಿಗೆ ಹಾಕಂಗಿಲ್ಲ ಅಂತ ಆಣಿ ಮಾಡಿದ ಮ್ಯಾಲೇ ಬಿಟ್ಟ.

೩. ಮಾನ್ವಿಯಿಂದ ಬಂದ ಸುದ್ದಿ

ದಿನಾ ದಾರಿ ಕಾದ್ವಿ. ಫೋನೇ ಬರವಲ್ದು. ಹೆಂಡ್ತಿ ಒಲಿ ಮ್ಯಾಲಿನ ಹಾಲು ನೋಡಿದಂಗ ಫೋನ್ ನೋಡಾಕತ್ತಿದ್ಳು. ಮಗಳು ಫೋನ್ ಚಾರ್ಜಿಗೆ ಅದ ಇಲ್ಲ ಅಂತ ಹೋಗ್ತಾ ಬರ್ತಾ ನೋಡಿ ಹೋಗಾಕಿ.

ಕಡೀಕ ಒಂದಿನ ಫೋನ್ ಬಡಕೊಂತು. ಮಾನ್ವಿಯ ಅಕ್ಕಿ ಮಿಲ್ಲಿನ ಸಾವಕಾರ್ರು. ನನ್ನ ಹಳೇ ಗಿರಾಕಿ, ಹುಡುಗನ ಸೋದರಮಾವ, ಈ ಸಂಬಂಧ ತೋರಿಸಿದವ್ರೂ ಅವ್ರೇ. ಎದ್ದು ನಿಂತು, ಟವೆಲ್ ಸರಿ ಮಾಡ್ಕೊಂಡು, "ಶರಣ್ರೀ" ಅಂದೆ.

"ಶರಣು ಇರಲಿ, ಏನ್ ಮಾಡಿಟ್ರಿ ಮಾರಾಯ್ರ?" ಅಂದ್ರು. "ನಮ್ಮ ಭಾವ, ಹುಡುಗನ ಅಪ್ಪ, ಬೆಂಕಿ ಆಗ್ಯಾನ. ಸಂಬಂಧ ಒಪ್ಪಿಗಿ ಅದ ಅಂತ ಹೇಳಾಕ ಫೋನ್ ಮಾಡಿದ್ರ, ಯಾರೋ ಹೆಣ್ಣುಮಗಳು ಎತ್ತಿ, ನಿನ್ನ ಹೆಸರೇನು, ಯಾಕ ಫೋನ್ ಮಾಡಿದಿ ಅಂತ ಕೇಳಿದ್ಳಂತ. ಬೀಗರಿಗೆ ಹೆಸರು ಕೇಳ್ತಾರೇನ್ರೀ? ಮೋಟರ್ ರಿಪೇರಿ ಅಂಗಡಿ, ಅದಕ್ಕೊಬ್ಬಾಕಿ ಮ್ಯಾನೇಜರು, ಇಂಥಾ ದೊಡ್ಡ ಮಂದಿ ನಮಗ ಬ್ಯಾಡ ಅಂತ ಕುಂತಾನ."

ನಮ್ಮ ಕಡೆ ಮನಿಗೆ ಬಂದವ್ರಿಗೇ ಯಾಕ ಬಂದ್ರಿ ಅಂತ ಕೇಳಂಗಿಲ್ಲ. ಚಹಾ ಕುಡಿಸಿ, ಮಳಿ ಬೆಳಿ ಮಾತಾಡಿ, ತಾವಾಗಿ ಹೇಳೋತನಕ ಕಾಯಬೇಕು. ಅಂಥಾದ್ರಾಗ ಬೀಗರಿಗೆ!

ಅತ್ತರ್ ಭಾಯಿಗೆ ಹೇಳಿ ಅವನ ಹೊಸ ನಂಬರಿನಿಂದ ಫೋನ್ ಮಾಡಿಸಿದೆ. ನನ್ನ ಫೋನು ಸಪ್ಪಳಿಲ್ಲದ ತಾನೇ ಎತ್ತಿ, ಭಾಯಿ ಫೋನಿನ್ಯಾಗ ಹೆಣ್ಣುದನಿಯಿಂದ, ಗುಡಿಯಾಗಿನ ಪೂಜಾರಿಗಿಂತ ಮೆತ್ತಗ ಹೇಳ್ತು: "ನಮಸ್ಕಾರ. ದಯವಿಟ್ಟು ತಮ್ಮ ಹೆಸರು ಮತ್ತು ಕರೆಯ ಕಾರಣ ತಿಳಿಸಿ." ಬೀಟಾದಾಗ ಬಂದ ಹೊಸ ಸೌಲಭ್ಯ ಅದು. ಗುರ್ತಿಲ್ಲದ ನಂಬರ್ ಬಂದ್ರ ತಾನೇ ಎತ್ತಿ ವಿಚಾರಸ್ತದ. ವಿಚಾರಿಸಿದ್ದನ್ನ ನನಗ ಹೇಳಬೇಕಾಗಿತ್ತು, ಅದನ್ನ ಮರೀತದ. ದೋಷ ಇರಬಹುದು ಅಂದಿದ್ರಲ್ಲ, ಅದು ಇದಾ.

ಅತ್ತರ್ ಭಾಯಿ ನನ್ನ ಮಾರಿ ನೋಡ್ತಾ ಫೋನಿಗೆ ಉತ್ತರ ಕೊಟ್ಟ, "ಹೆಸರು ನಿಮ್ಮ ಯಜಮಾನನಿಗೆ ಗೊತ್ತದವ್ವಾ. ಕಾರಣ, ಅಂವ ಶಾಣ್ಯಾ ಇಲ್ಲ."

"ಧನ್ಯವಾದಗಳು. ನಿಮ್ಮ ಮಾತು ನಮಗೆ ಮುಖ್ಯ. ದಯವಿಟ್ಟು ಮುಂದುವರಿಸಿ," ಅಂತು ಫೋನು.

"ನೋಡು, ಅದೂ ಒಪ್ಪಿತು," ಅಂದ ಭಾಯಿ.

ಮನಿಗೆ ಬಂದು ಎಲ್ಲಾ ಹೇಳಿದೆ. ಹೆಂಡ್ತಿ ಒದರ್ತಾಳ ಅಂತ ಅಂಜಿದ್ದೆ. ಆಕಿ ಟ್ರಂಕ್ ತಗದು ಮಸರಕಲ್ಲಿಗೆ ಹೋಗಾಕ ಸೀರಿ ತಗದಿಟ್ಳು. ಮಗಳು ಕಣ್ಣಾಗ ನೀರು ತುಂಬ್ಕೊಂಡು, ಆದರೂ ನಗಲಾರದ ಇರಲಾರದ ಅಂದ್ಳು:

"ಅಪ್ಪಾ, ಹುಡುಗ ನನಗ ಒಪ್ಪಿಗಿ ಆಗಿದ್ದ. ನಿನ್ನ ಫೋನಿಗೆ ಆಗಿಲ್ಲ ಅಂತ ಕಾಣ್ತದ."

೪. ಹೆಸರು ಮತ್ತು ಕಾರಣ

ಮರದಿನ ನಾನು, ಹೆಂಡ್ತಿ, ಒಂದು ಪುಟ್ಟಿ ಬಾಳಿಹಣ್ಣು ತಗೊಂಡು ದೇವದುರ್ಗದ ಬಸ್ ಹತ್ತಿ, ಅಲ್ಲಿಂದ ಮಸರಕಲ್ಲಿಗೆ ಹೋದ್ವಿ. ದಾರಿಯುದ್ದಕ್ಕೂ ಹೆಂಡ್ತಿಗೆ ಹೇಳಿಕೋತ ಬಂದೆ, "ಏನರ ಅಂದ್ರ ತಡಕೋ. ಮೆತ್ತಗ ಮಾತಾಡು. ಮಗಳ ಬಾಳೇ ಪ್ರಶ್ನಿ."

"ನಾ ಮಾತೇ ಆಡಂಗಿಲ್ಲ, ಸಾಕಾ?" ಅಂತ ಆಕಿ ಅಂದದ್ದು ಡ್ರೈವರನಿಗೆ ಕೇಳಿ ಅಂವ ಬಸ್ ನಿಲ್ಲಿಸಿದ.

ಬೀಗರು ಕಟ್ಟಿ ಮ್ಯಾಲ ಕುಂತಿದ್ರು. ಶರಣ್ರೀ ಅಂದೆ. ಬರ್ರಿ ಅನ್ನಲಿಲ್ಲ. ಕಾಲಿಂದ ತಲಿತನಕ ನೋಡಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದ್ರು:

"ತಮ್ಮ ಹೆಸರು? ಬಂದ ಕಾರಣ?"

ಏನ್ ಮಾಡ್ಲಿ? ಹೊಸ್ತಿಲ ಹೊರಗ ನಿಂತು ನನ್ನ ಹೆಸರು ಹೇಳಿದೆ. ನಮ್ಮಪ್ಪನ ಹೆಸರೂ ಹೇಳಿದೆ. ಕಾರಣ ಹೇಳಾಕ ಬಾಯಿ ತಗದೆ, ಅಷ್ಟ್ರಾಗ ಒಳಗಿಂದ ಕೋಲು ಊರ್ಕೊಂಡು ಹುಡುಗನ ಅಜ್ಜಿ ಬಂದ್ಳು. ಹೆಣ್ಣು ನೋಡಾಕ ಆಕಿ ನಮ್ಮ ಮನಿಗೆ ಬಂದಿದ್ದಿಲ್ಲ.

"ಯಾರು, ರಾಯಚೂರವ್ರೇನು? ಆ ಹೆಣ್ಣುಮಗಳು ಬಂದಾಳೇನು?"

"ಯಾವ ಹೆಣ್ಣುಮಗಳು ಯವ್ವಾ?" ಅಂದೆ.

"ನಿನ್ನ ಹೆಂಡ್ತಿ ಅಲ್ಲೇನೋ! ಇವ ಸಿಟ್ಟಾಗಿ ಫೋನ್ ಒಗದು ಹೊಲಕ್ಕ ಹೋದ. ನಾ ಮೊಮ್ಮಗನ ಕಡಿಂದ ನಂಬರ್ ಹಚ್ಚಿಸಿ, ಎಂಥಾಕಿ ಅದಾಳ ನೋಡೂಣು ಅಂತ ಮಾತಾಡಿದೆ. ಎಷ್ಟು ಸಮಾಧಾನದಾಕೆವ್ವಾ! ನನ್ನ ಮಣಕಾಲು ನೋವು, ನನ್ನ ತವರುಮನಿ ಸುದ್ದಿ, ಎಲ್ಲಾ ಹೇಳಿದೆ. ನಡುವ ಬಾಯಿ ಹಾಕಲಿಲ್ಲ. ಮುಂದ ಹೇಳು, ಮುಂದ ಹೇಳು ಅಂತ ಕೇಳಿದ್ಳು. ನಿಮ್ಮ ಮಾತು ನಮಗ ಮುಖ್ಯ ಅಂದ್ಳು! ಕಡೀಕ ತಾನೇ ಸುಮ್ಮನಾದ್ಳು. ಪಾಪ, ಒಲಿ ಮ್ಯಾಲ ಏನರ ಇಟ್ಟಿದ್ಳೇನೋ."

ಆವತ್ತು ಫೋನ್ ಕಾದದ್ದು ರಾಯಚೂರಿನ ಬಿಸಲಿಗೆ ಅಲ್ಲ ಅಂತ ನನಗ ಆಗ ಗೊತ್ತಾತು. ಅಜ್ಜಿ ಮಾತಿಗೆ ಕಾದಿತ್ತು.

ಅಜ್ಜಿ ನನ್ನ ಹೆಂಡ್ತಿ ಕೈ ಹಿಡಕೊಂಡು, "ಒಂದ್ಸಲ ಅಂದುಬಿಡು ಯವ್ವಾ, ಅದೇ ದನಿಯಾಗ," ಅಂದ್ಳು. ಹೆಂಡ್ತಿ ನನ್ನ ನೋಡಿದ್ಳು. ನಾ ಕಣ್ಣಾಗೇ ಕೈಮುಗದೆ. ಇಷ್ಟು ವರ್ಷದ ಸಂಸಾರದಾಗ ನಾ ಕೇಳದ ದನಿ ಆಕಿ ಗಂಟಲಿನಿಂದ ಬಂತು, ದಾರದಂಥ ದನಿ:

"ನಮಸ್ಕಾರ. ನಿಮ್ಮ ಮಾತು ನಮಗೆ ಮುಖ್ಯ. ದಯವಿಟ್ಟು ಮುಂದುವರಿಸಿ."

ಅಜ್ಜಿ ಮಾರಿ ಅರಳ್ತು. ಬೀಗರ ಹುಬ್ಬೂ ಸ್ವಲ್ಪ ಇಳೀತು. ಎಲ್ಲಾ ಸುರಳೀತ ಆತು ಅನ್ನೋ ಖುಷಿಯಾಗ ನಾ ಒಂದು ಹೆಜ್ಜಿ ಮುಂದ ಇಟ್ಟೆ. ಇಟ್ಟಿದ್ದು ಹೆಂಡ್ತಿ ಕಾಲಿನ ಮ್ಯಾಲ.

"ಅಯ್ಯಯ್ಯಪ್ಪಾ! ಕಣ್ಣು ಬೀಟಾಕ ಕೊಟ್ಟೀರೇನು? ನನ್ನ ಬೆರಳು ಮುರುದ್ರಲ್ರೀ!"

ಕೊಟ್ಟಿಗ್ಯಾಗಿನ ಎಮ್ಮಿ ಎದ್ದು ನಿಂತಿತು. ಬೀಗರು ಕಟ್ಟಿಯಿಂದ ಕೆಳಗಿಳಿದ್ರು. ಅಜ್ಜಿ ಕೈ ಬಿಟ್ಟು, "ಇದ್ಯಾವ ದನಿಬೇ?" ಅಂದ್ಳು.

ಇನ್ನೇನು ಮುಚ್ಚಿಡೋದು? ಎಲ್ಲಾ ಹೇಳಿದೆ. "ತಪ್ಪಾತು ಯವ್ವಾ. ನಿಮ್ಮ ಜೋಡಿ ಮಾತಾಡಿದ್ದು ಇವಳಲ್ಲ, ಫೋನು. ನಿಮ್ಮ ಮಗನಿಗೆ ಹೆಸರು ಕೇಳಿದ್ದೂ ಅದಾ. ಬೀಟಾ ಅಂತಾರ, ಇನ್ನಾ ಪೂರಾ ತಯಾರಾಗಿಲ್ಲ, ಪರೀಕ್ಷಾ ನಡದದ. ತಪ್ಪು ನಂದು, ನನ್ನ ಮಗಳಿಗೆ ಮಾತ್ರ ಇದನ್ನ ಹಚ್ಚಬ್ಯಾಡ್ರಿ."

ಅಜ್ಜಿ ಕೋಲಿನ ಮ್ಯಾಲ ಎರಡೂ ಕೈ ಊರಿ ನನ್ನ ಕಡಿಗೆ ಬಗ್ಗಿದ್ಳು.

"ಪೂರಾ ತಯಾರಾಗದಿದ್ದು ಇಷ್ಟು ಛಂದ ಮಾತಾಡ್ತದೇನು?" ಅಂದ್ಳು. "ಈ ಮನ್ಯಾಗ ಪೂರಾ ತಯಾರಾದವ್ರು ಅದಾರಲ್ಲ, ನಾ ಬಾಯಿ ತಗದ್ರ ಸಾಕು, ಸುಮ್ನ ಕೂಡಬೇ ಅಂತಾರ."

ಬೀಗರು ಮಾರಿ ಕೆಂಪು ಮಾಡ್ಕೊಂಡು, "ಯವ್ವಾ, ನಾ ಯಾವಾಗ ಹಂಗ ಅಂದೀನಿ? ಮಂದಿ ಮುಂದ ಸುಮ್ನ ಕೂಡಬೇ!" ಅಂದುಬಿಟ್ರು.

ಅಂದ ಮಾತು ಅವರ ಕಿವಿಗೇ ಬಿತ್ತು. ಮೊದಲು ಮೀಸಿ ಅಲಗಾಡ್ತು, ಆಮ್ಯಾಲ ಹೊಟ್ಟಿ. ನಕ್ಕರು ನೋಡ್ರಿ, ಕಣ್ಣಾಗ ನೀರು ಬರೂಹಂಗ. ನಕ್ಕು ನಕ್ಕು ನನ್ನ ಕೈಯಾಗಿನ ಬಾಳಿಹಣ್ಣಿನ ಪುಟ್ಟಿ ತಗೊಂಡು ಅಂದ್ರು, "ಬೀಗರ, ಹೊರಗ್ಯಾಕ ನಿಂತೀರಿ? ಒಳಗ ಬರ್ರಿ, ನಿಶ್ಚಯಕ್ಕ ದಿನಾ ನೋಡೂಣು."

ಬೀಗರ ಅಂದ್ರಲ್ರೀ! ಒಳಗ ಹೋಗಿ ಕುಂತವನೇ ಕಿಸೆದಾಗಿನ ಫೋನ್ ಹೊರಗ ತಗದೆ.

"ಈ ಬೀಟಾ ಸಹವಾಸ ಸಾಕ್ರಿ. ನಿಮ್ಮ ಮುಂದೇ ತಗದು ಒಗೀತೀನಿ."

"ಏ, ತಗೀಬ್ಯಾಡ!" ಅಂತ ಅಜ್ಜಿ ಕೋಲು ಅಡ್ಡ ಹಿಡದ್ಳು. ಮಗನ ಕಡಿಗೆ ಒಮ್ಮೆ ನೋಡಿ, "ಮೊದಲು ಅದನ್ನ ಇವನಿಗೆ ಹಾಕು," ಅಂದ್ಳು.

"ಆತು ಯವ್ವಾ," ಅಂತ ನಾ ಬೀಗರ ಫೋನಿಗೆ ಕೈ ಚಾಚಿದೆ.

ಅಜ್ಜಿ ನನ್ನ ಕೈ ಮ್ಯಾಲ ಒಂದು ಬಡದು ಅಂದ್ಳು, "ಫೋನಿಗ್ಯಾಕೋ ಯಪ್ಪಾ? ನನ್ನ ಮಗನಿಗೆ ಹಾಕು!"