ಇಲ್ಲೇ ಕೈ ಕೊಡ್ತು ಕಣಮ್ಮ

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಮಾತನ್ನು ಇನ್ನೊಬ್ಬರು ಮುಗಿಸಿಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರಿಗೆ ಈ ಚಾಳಿ ಇತ್ತು. ನಾನು "ಸಾರಿಗೆ..." ಎನ್ನುವುದರೊಳಗೆ "ಉಪ್ಪು ಜಾಸ್ತಿ ಆಯ್ತು ತಾನೇ? ಗೊತ್ತು ಬಿಡು" ಎನ್ನುತ್ತಿದ್ದರು. ನಾನು ಹೇಳಹೊರಟದ್ದು, ಸಾರಿಗೆ ಒಂದು ಒಗ್ಗರಣೆ ಹಾಕಿಬಿಡಿ ಎಂದು. ಅವರನ್ನು ತಿದ್ದಿ ದಾರಿಗೆ ತರುವಷ್ಟರಲ್ಲಿ ಅರ್ಧ ಆಯಸ್ಸು ಕಳೆಯಿತು. ಉಳಿದರ್ಧವನ್ನಾದರೂ ನೆಮ್ಮದಿಯಾಗಿ ಕಳೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನವರು ಪ್ರತಿಯೊಂದು ಕಂಪ್ಯೂಟರಿಗೂ ಒಬ್ಬ ಎಐ ಸಹಾಯಕನನ್ನು ತಂದು ಕೂರಿಸಿದರು.

ಪ್ರೋಗ್ರಾಂ ಬರೆಯುವುದು ನನ್ನ ಕಸುಬು. ನಾನು ಎರಡಕ್ಷರ ಒತ್ತಿದೆನೋ ಇಲ್ಲವೋ, ಈ ಮಹಾಶಯ ಉಳಿದ ಸಾಲನ್ನೆಲ್ಲ ಬೂದುಬಣ್ಣದಲ್ಲಿ ಬರೆದು ಕಾಯುತ್ತಾನೆ. ಟ್ಯಾಬ್ ಕೀಲಿ ಒತ್ತಿದರೆ ಒಪ್ಪಿದಂತೆ. ಒತ್ತದಿದ್ದರೆ ಸುಮ್ಮನಾಗುತ್ತಾನೆಯೇ? ಸೀರೆ ಅಂಗಡಿಯವರ ಹಾಗೆ ಇನ್ನೊಂದನ್ನು ಬಿಚ್ಚಿ ಹಾಸುತ್ತಾನೆ. ಹಟ ಮಾಡಿ ನಾನೇ ಬರೆದರೆ ಅದರ ಕೆಳಗೆ ಹಳದಿ ಗೆರೆ ಎಳೆದು, ಇದನ್ನು ಇನ್ನೂ ಚೆನ್ನಾಗಿ ಬರೆಯಬಹುದು ಎಂಬ ಉಪದೇಶ ಬೇರೆ. ಇವನು ಹುಟ್ಟುವ ಮೊದಲಿನಿಂದಲೂ ನಾನು ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ ಸ್ವಾಮಿ!

ತಪ್ಪು ಹುಡುಕಲು ನನ್ನದೇ ಒಂದು ಪದ್ಧತಿಯಿದೆ. ಪ್ರೋಗ್ರಾಮಿನ ನಡುನಡುವೆ, ಓಡಿಸಿದಾಗ ತೆರೆಯ ಮೇಲೆ ಕಾಣುವಂತೆ, ನನಗೆ ನಾನೇ ಕನ್ನಡದಲ್ಲಿ ಸಾಲು ಬರೆದುಕೊಳ್ಳುತ್ತೇನೆ. "ಇಲ್ಲೀವರೆಗೂ ಸರಿ." "ಇಲ್ಲೂ ಸರಿ." ಕೆಡಬಹುದಾದ ಜಾಗ ಬಂದಾಗ, "ಇಲ್ಲೇ ಕೈ ಕೊಡ್ತು ಕಣಮ್ಮ." ಯಾವ ಸಾಲು ಕಂಡಿತು ಎಂದು ನೋಡಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅಳಿಸಿಬಿಡುತ್ತೇನೆ. ಇದರಿಂದ ಯಾರ ಗಂಟು ಹೋಗುತ್ತದೆ? ಆದರೆ ನನಗಿಂತ ಎಷ್ಟೋ ಚಿಕ್ಕವನಾದ ನಮ್ಮ ಮ್ಯಾನೇಜರ್ ಶ್ರೀನಾಥನಿಗೆ ಇದು ಕಂಡರಾಗದು. ಒಂದು ದಿನ ಒಂದು "ಇಲ್ಲೂ ಸರಿ" ಅವನ ಕಣ್ಣಿಗೆ ಬಿದ್ದುಬಿಟ್ಟಿತು.

"ಏನ್ ಮೇಡಂ, ಇನ್ನೂ ಅಜ್ಜಿ ಕಾಲದ ಥರ ಮಾಡ್ತೀರಲ್ಲ! ಎಐ ಯೂಸ್ ಮಾಡಿ. ಇನ್ನೊಂದ್ ಸಲ ಇಂಥ ಲೈನ್ ಕಣ್ಣಿಗೆ ಬಿದ್ರೆ ನಿಮ್ಮನ್ನ ಈ ಪ್ರಾಜೆಕ್ಟಿಂದ ತೆಗೀಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಲಿ? ಆ ಪ್ರಾಜೆಕ್ಟು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗಕ್ಕೆಂದು ನಾನು ಮೊದಲ ಸಾಲಿನಿಂದ ಕಟ್ಟಿಕೊಂಡು ಬಂದದ್ದು. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. ಕಾರ್ಖಾನೆಯವರಿಗೆ ತೋರಿಸುವ ದಿನಕ್ಕೆ ಮುಂಚೆ ನನ್ನ ಫೈಲುಗಳಲ್ಲಿದ್ದ ಸಾಲುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಎಸೆದೆ.

ತೋರಿಸುವ ದಿನ ಕಾರ್ಖಾನೆಯ ಸ್ಟೋರ್ಸ್ ಸೂಪರ್‌ವೈಸರ್ ಬಸವರಾಜ್ ಬಂದಿದ್ದರು, ಹಾವೇರಿ ಕಡೆಯವರು. ಪರೀಕ್ಷಿಸಲೆಂದೇ ಒಂದು ತಪ್ಪು ನಂಬರ್ ಹಾಕಿದರು. ಪ್ರೊಜೆಕ್ಟರ್ ಬಿಟ್ಟಿದ್ದ ಇಡೀ ಗೋಡೆಯ ತುಂಬ ಮೂಡಿತು: "ಇಲ್ಲೇ ಕೈ ಕೊಡ್ತು ಕಣಮ್ಮ."

ನಾನು ಆರಿಸಿ ಎಸೆದ ಸಾಲು ಇಲ್ಲಿಗೆ ಹೇಗೆ ಬಂತು? ಶ್ರೀನಾಥನ ಮುಖ ಸುಣ್ಣದಂತಾಯಿತು. ಪಕ್ಕದಲ್ಲಿದ್ದ, ಇದೇ ಪ್ರಾಜೆಕ್ಟಿನಲ್ಲಿ ನನ್ನ ಕೈಕೆಳಗೆ ಬರೆಯುವ ವಿವೇಕ್, ಇಂದೋರಿನ ಹುಡುಗ, ಕನ್ನಡದ ಒಂದಕ್ಷರವೂ ಬಾರದವನು, ನನಗೂ ಶ್ರೀನಾಥನಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ: ಅದು ತನ್ನ ಫೈಲಿನ ಸಾಲಂತೆ, ಎಐ ತಾನಾಗಿಯೇ ಕೊಟ್ಟಿತಂತೆ, ಕಾರ್ಖಾನೆಯವರು ಕನ್ನಡ ಕೇಳಿರಬೇಕು ಎಂದುಕೊಂಡು ಟ್ಯಾಬ್ ಒತ್ತಿದನಂತೆ. ನಾನು ಅಳಿಸುವ ಮುಂಚೆಯೇ ಆ ಮಹಾಶಯ ನನ್ನ ಫೈಲುಗಳನ್ನೆಲ್ಲ ಓದಿಕೊಂಡು ಪಕ್ಕದ ಮನೆಗೆ ಹಂಚಿದ್ದ!

ಬಸವರಾಜ್ ಮಾತ್ರ ಜೋರಾಗಿ ನಕ್ಕರು. "ಇದನ್ನ ಯಾರ್ ಬರದಾರ್ರೀ? ಇಷ್ಟ ದಿನ ಹಳೇ ಪ್ರೋಗ್ರಾಂದಾಗ ಇಂಗ್ಲಿಷ್‌ನ್ಯಾಗ ಕೆಂಪಗ ಏನೋ ಬರ್ತಿತ್ತು, ಒಬ್ಬರ ಮಾರಿ ಒಬ್ಬರು ನೋಡ್ಕೋತ ನಿಂದರ್ತಿದ್ವಿ. ಈಗ ಕೈ ಕೊಟ್ಟೈತಿ ಅಂತಾದ್ರೂ ತಿಳೀತು. ಎಲ್ಲಾ ಕಡೆ ಹಿಂಗ ಹಾಕ್ರಿ."

ಶ್ರೀನಾಥನ ಮುಖಕ್ಕೆ ಬಣ್ಣ ವಾಪಸ್ ಬಂತು. "ನಮ್ಮ ಎಐ ಬರ್ದಿದ್ದು ಸಾರ್!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಾರ ಎಐ? ಯಾರು ಬರೆದದ್ದು? ಆ "ಕಣಮ್ಮ" ನಮ್ಮಮ್ಮನ ಬಾಯಿಂದ ನನ್ನ ಬಾಯಿಗೆ ಬಂದ ಮಾತು. ಹೇಳಿಯೇಬಿಡುತ್ತೇನೆ ಎಂದು ಕುರ್ಚಿಯಿಂದ ಅರ್ಧ ಎದ್ದೆ. ಹೇಳಿದರೆ ಪ್ರಾಜೆಕ್ಟು ಹೋಗುತ್ತದೆ ಎಂಬುದು ನೆನಪಾಗಿ, ಸೆರಗು ಸರಿಮಾಡಿಕೊಳ್ಳಲು ಎದ್ದವಳಂತೆ ನಟಿಸಿ ಕೂತೆ. ನನ್ನ ಕೈಯೂ ಚಪ್ಪಾಳೆ ತಟ್ಟಿತು.

ಮುಂದಿನ ವಾರ ನಮಗೆಲ್ಲ ತರಬೇತಿ: ಎಐ ನೆರವಿನಿಂದ ಕನ್ನಡ ಸಂದೇಶ ಬರೆಯುವುದು ಹೇಗೆ ಎಂದು. ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಎರಡಕ್ಷರ ಒತ್ತಿದೆ. ನನ್ನ ಸಾಲೇ ಬೂದುಬಣ್ಣದಲ್ಲಿ ಬಂದು ನಿಂತಿತು.

ಬೆನ್ನ ಹಿಂದೆ ನಿಂತಿದ್ದ ಶ್ರೀನಾಥ್ ಬಗ್ಗಿ ನೋಡಿದ. "ಎಷ್ಟು ಸಹಜವಾದ ಕನ್ನಡ ನೋಡಿ ಮೇಡಂ! ನಿಜ ಹೇಳಿ, ನಿಮಗೆ ಹೊಳೀತಿತ್ತಾ ಇದು?"

"ಇಲ್ಲಪ್ಪ, ಎಲ್ಲಿ ಹೊಳೀಬೇಕು" ಎಂದು ಹೇಳಿ, ಟ್ಯಾಬ್ ಒತ್ತಿದೆ.